ಸೋತವರು ಮರಳಿ ಗೆದ್ದಾಗ

ನಾವು ಬೇಡವೆಂದ ನಾಯಕರೊಬ್ಬರು ಸೋತು ಮತ್ತೆ ಗೆದ್ದು ಬಂದರೆ ಪ್ರಗತಿಪರರ ಸಭೆಗಳಲ್ಲಿ ಸೂತಕ ಆವರಿಸುತ್ತದೆ. 'ಎಲ್ಲ ಮುಗಿಯಿತು', 'ಈ ಜನಕ್ಕೆ ಬುದ್ಧಿ ಬರುವುದಿಲ್ಲ' ಎಂಬ ಮಾತುಗಳು ಕೇಳುತ್ತವೆ. ಅಮೆರಿಕದಲ್ಲಿ 2020ರಲ್ಲಿ ಸೋತಿದ್ದ ಡೊನಾಲ್ಡ್ ಟ್ರಂಪ್ 2024ರಲ್ಲಿ ಗೆದ್ದಾಗ ಇಲ್ಲಿನ ಗೆಳೆಯರೂ ಇದನ್ನೇ ಆಡಿದರು. ಜನರನ್ನು ಬೈದು ಮನೆ ಸೇರುವ ಈ ಹತಾಶೆಯನ್ನು ನಾವು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ, ನಮ್ಮದೇ ನಾಡಿನ 1980ನೇ ಇಸವಿಯನ್ನು ನೆನೆದರೆ ಸಾಕು.

1975ರಲ್ಲಿ ತುರ್ತು ಪರಿಸ್ಥಿತಿ ಹೇರಿದ ಇಂದಿರಾ ಗಾಂಧಿಯವರನ್ನು 1977ರ ಮಾರ್ಚ್‌ನಲ್ಲಿ ದೇಶ ಸೋಲಿಸಿತು. ರಾಯ್‌ಬರೇಲಿಯಲ್ಲಿ ಸ್ವತಃ ಅವರೇ ಸೋತರು. ದೆಹಲಿಯ ತುರ್ಕ್‌ಮನ್ ಗೇಟ್‌ನಲ್ಲಿ 1976ರಲ್ಲಿ ಬಡ ಮುಸ್ಲಿಮರ ಮನೆಗಳ ಮೇಲೆ ಬುಲ್ಡೋಜರ್ ಹರಿದಿತ್ತು, ತಡೆಯಹೋದವರ ಮೇಲೆ ಗುಂಡು ಹಾರಿತ್ತು. ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿಯವರು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡಿದ್ದರು. ಇಷ್ಟಾದ ಮೇಲೂ 1978ರ ಉಪಚುನಾವಣೆಯಲ್ಲಿ ನಮ್ಮ ಚಿಕ್ಕಮಗಳೂರೇ ಇಂದಿರಾ ಅವರನ್ನು ಲೋಕಸಭೆಗೆ ಕಳಿಸಿತು. 1980ರ ಜನವರಿಯಲ್ಲಿ 353 ಸ್ಥಾನ ಗೆದ್ದು ಅವರು ಮತ್ತೆ ಪ್ರಧಾನಿಯಾದರು. ಕರ್ನಾಟಕದ 28 ಸ್ಥಾನಗಳಲ್ಲಿ 27 ಅವರ ಪಕ್ಷದ ಪಾಲಾದವು.

ಜನ ಎಲ್ಲವನ್ನೂ ಮರೆತಿದ್ದರೇ? ಇಲ್ಲ. ಜನತಾ ಪಕ್ಷದ ನಾಯಕರು ಕುರ್ಚಿಗಾಗಿ ಕಿತ್ತಾಡಿದರು, ಈರುಳ್ಳಿಯ ಬೆಲೆ ಗಗನಕ್ಕೇರಿತು. 'ಇಂದಿರಾ ಬೇಡ' ಎಂಬುದೊಂದನ್ನೇ ಬಂಡವಾಳ ಮಾಡಿಕೊಂಡವರ ಬಳಿ ಆಕೆ ಸೋತ ಮೇಲೆ ಹೇಳಲು ಏನೂ ಉಳಿದಿರಲಿಲ್ಲ. ಒಬ್ಬ ನಾಯಕರ ಪತನವನ್ನೇ ಭರವಸೆ ಎಂದುಕೊಂಡರೆ, ಅವರು ಮರಳಿದ ದಿನ ಭರವಸೆಯೂ ಸಾಯುತ್ತದೆ.

ಆದರೆ ಬೇರೆ ಬಗೆಯ ಜನರೂ ಇದ್ದರು. 1979ರಲ್ಲಿ ಹುಟ್ಟಿದ ಬಂಡಾಯ ಸಾಹಿತ್ಯ ಸಂಘಟನೆ ಬಾಗಿಲು ಮುಚ್ಚಲಿಲ್ಲ. ದಲಿತ ಸಂಘರ್ಷ ಸಮಿತಿಯ ಜಾಥಾಗಳು ನಿಲ್ಲಲಿಲ್ಲ. ಇಂದಿರಾ ಗೆದ್ದ ಅದೇ ವರ್ಷ ಲಂಕೇಶರು ಪತ್ರಿಕೆ ಶುರುಮಾಡಿದರು. 1980ರ ಜುಲೈನಲ್ಲಿ ನರಗುಂದ–ನವಲಗುಂದದ ರೈತರು ಮಲಪ್ರಭೆಯ ನೀರಿನ ಕರದ ವಿರುದ್ಧ ಎದ್ದರು. ಗೋಲಿಬಾರ್ ಆಯಿತು, ಆ ನೆತ್ತರಿನಿಂದಲೇ ರಾಜ್ಯದಲ್ಲಿ ರೈತ ಸಂಘ ಬೆಳೆಯಿತು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲೇ ಧಾರಾವಾಹಿಯಾಗಿ ಬಂತು. ತಲಾಖ್ ಆದ ಹೆಣ್ಣಿನ ಸಂಕಟ ಕನ್ನಡದ ಓದುಗರ ಮುಂದೆ ನಿಂತಿತು. 1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಹೊಸ ಸರ್ಕಾರದ ಪಂಚಾಯತ್ ಕಾಯ್ದೆಯಡಿ 1987ರಲ್ಲಿ ನಡೆದ ಚುನಾವಣೆಯಲ್ಲಿ ಶೇ. 25 ಸ್ಥಾನಗಳು ಮಹಿಳೆಯರಿಗೆ ಮೀಸಲಾದವು.

ಹಾಗಾದರೆ ಕೆಡುಕೇ ಆಗಲಿಲ್ಲವೇ ಎಂದು ಯಾರಾದರೂ ಕೇಳಿಯಾರು. ಆಯಿತು. 1980ರ ಈದ್ ದಿನ ಮೊರಾದಾಬಾದಿನ ಈದ್ಗಾದಲ್ಲಿ ನಮಾಜಿಗೆ ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. 1983ರಲ್ಲಿ ಅಸ್ಸಾಮಿನ ನೆಲ್ಲಿ, 1984ರಲ್ಲಿ ದೆಹಲಿಯ ಸಿಖ್ಖರ ಬೀದಿಗಳು. ಭರವಸೆ ಎಂದರೆ ಕೇಡು ನಡೆಯುವುದಿಲ್ಲ ಎಂಬ ಜ್ಯೋತಿಷ್ಯವಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. 1983ರ ಜನತಾ ಸರ್ಕಾರ ನಿಂತದ್ದು ಭಾರತೀಯ ಜನತಾ ಪಕ್ಷದ 18 ಶಾಸಕರ ಹೊರಗಿನ ಬೆಂಬಲವನ್ನೂ ನೆಚ್ಚಿಕೊಂಡು. ಒಬ್ಬರನ್ನು ಇಳಿಸುವುದರಲ್ಲೇ ಕಣ್ಣು ನೆಟ್ಟವರು ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ನೋಡಲು ಮರೆಯುತ್ತಾರೆ.

ಉರ್ದುವಿನಲ್ಲಿ 'ದುನಿಯಾ ಉಮ್ಮೀದ್ ಪರ್ ಖಾಯಂ ಹೈ' ಎನ್ನುತ್ತಾರೆ, ಜಗತ್ತು ನಿಂತಿರುವುದೇ ಭರವಸೆಯ ಮೇಲೆ ಎಂದು. ಜಗಲಿಯ ಮೇಲೆ ಕುಳಿತು ನಿಟ್ಟುಸಿರು ಬಿಡುವವರೂ ಈ ಮಾತನ್ನು ಆಡುತ್ತಾರೆ, ಅಷ್ಟರಿಂದ ಏನೂ ಆಗುವುದಿಲ್ಲ. ನಮ್ಮ ಮೊಹಲ್ಲಾದ ಎಷ್ಟು ಹೆಸರುಗಳು ಮತದಾರರ ಪಟ್ಟಿಯಲ್ಲಿವೆ? ಓದು ಬಿಟ್ಟ ಹುಡುಗಿಯನ್ನು ಮತ್ತೆ ಶಾಲೆಗೆ ಸೇರಿಸಿದವರು ಯಾರು? ಸುಳ್ಳು ಕೇಸಿನಲ್ಲಿ ಒಳಗಿರುವ ಹುಡುಗನ ಜಾಮೀನಿಗೆ ವಕೀಲರನ್ನು ಹುಡುಕಿದೆವೇ? ನಮ್ಮ ಮೇಲೆ ದಾಳಿಯಾದಾಗ ಮಾತ್ರ ದಲಿತರನ್ನೂ ರೈತರನ್ನೂ ಕರೆಯುವ ನಾವು, ಅವರ ಸಭೆಗಳಲ್ಲಿ ಎಷ್ಟು ಸಲ ಕುಳಿತಿದ್ದೇವೆ? ಯಾರೇ ಗೆದ್ದರೂ ಈ ಕೆಲಸಗಳು ನಾಳೆಯೂ ಇರುತ್ತವೆ. ಆದ್ದರಿಂದಲೇ ಇವುಗಳಲ್ಲಿ ತೊಡಗಿದವರ ಭರವಸೆಯನ್ನು ಒಂದು ಫಲಿತಾಂಶ ಕಸಿದುಕೊಳ್ಳಲಾರದು.

ಫಲ ತಡವಾಗಿ ಬರುತ್ತದೆ, ನಿಜ. ಬಂಡಾಯದ ಗರಡಿಯಲ್ಲಿ ಬೆಳೆದು, ಎಂಬತ್ತರ ದಶಕದಲ್ಲಿ ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿದ್ದ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂತು. ಈ ನಡುವೆ ದೆಹಲಿಯಲ್ಲಿ ಎಷ್ಟು ಪ್ರಧಾನಿಗಳು ಬಂದರು, ಹೋದರು! ಆ ಹೊತ್ತಿನಲ್ಲಿ 'ಎಲ್ಲ ಮುಗಿಯಿತು' ಎಂದು ಪೆನ್ನು ಕೆಳಗಿಟ್ಟವರ ಹೆಸರು ಇಂದು ಯಾರಿಗೂ ನೆನಪಿಲ್ಲ.