ಅನ್ನದ ಪಕ್ಕದಲ್ಲಿ ವಿಷ ಬೇಡ

ಬಿಹಾರದ ಸಾರಣ್ ಜಿಲ್ಲೆಯ ಧರ್ಮಸತಿ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ 2013ರ ಜುಲೈ 16ರಂದು ಬಿಸಿಯೂಟ ಉಂಡ 23 ಮಕ್ಕಳು ಪ್ರಾಣ ಕಳೆದುಕೊಂಡರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇತ್ತೆಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಕೀಟನಾಶಕವಿದ್ದ ಡಬ್ಬಿಯಲ್ಲೇ ಎಣ್ಣೆ ತುಂಬಿಟ್ಟಿರಬೇಕೆಂಬ ಶಂಕೆ ಮೊದಲ ದಿನಗಳಲ್ಲೇ ಕೇಳಿಬಂತು. ದೇಶವಿಡೀ ಆಗ ಬಿಸಿಯೂಟದ ಆಡಳಿತದ ಬಗ್ಗೆ ಚರ್ಚಿಸಿತು, ಚರ್ಚಿಸಬೇಕಾದದ್ದೇ. ಆದರೆ ಆ ದುರಂತದ ಇನ್ನೊಂದು ಪಾಠ ನಮ್ಮ ಮನೆಗಳ ಒಳಗೆ ಬರಲೇ ಇಲ್ಲ. ತಿನ್ನುವ ವಸ್ತು ಮತ್ತು ಕೊಲ್ಲುವ ವಸ್ತು ಒಂದೇ ಬಗೆಯ ಡಬ್ಬಿಯಲ್ಲಿ, ಒಂದೇ ಕಪಾಟಿನಲ್ಲಿ ಇರುವವರೆಗೆ ಅಂಥ ಅನಾಹುತಕ್ಕೆ ಒಂದು ಗಳಿಗೆಯ ಮರೆವು ಸಾಕು. ಅಡುಗೆಮನೆಯಲ್ಲಿ ಯಾವುದನ್ನು ಎಲ್ಲಿಡಬೇಕು ಎಂದು ಯೋಚಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನಮ್ಮ ಅನ್ನದ ಪಕ್ಕದಲ್ಲಿ ಏನಿದೆ?

ಈಚಿನ ವರ್ಷಗಳಲ್ಲಿ ಅಡುಗೆಮನೆಯ ಅಂದಕ್ಕೆ ನಾವು ಸಾಕಷ್ಟು ಹಣ ಸುರಿಯುತ್ತಿದ್ದೇವೆ. ಒಂದೇ ಅಳತೆಯ ಪಾರದರ್ಶಕ ಡಬ್ಬಿಗಳು, ಸದ್ದಿಲ್ಲದೆ ಮುಚ್ಚುವ ಡ್ರಾಯರ್‌ಗಳು, ಕಣ್ಣಿಗೆ ಬೀಳದ ಕಪಾಟುಗಳು ಬಂದಿವೆ. ಆದರೆ ಅದೇ ಅಡುಗೆಮನೆಯ ಸಿಂಕ್ ಕೆಳಗೆ ಬಗ್ಗಿ ನೋಡಿದರೆ ಹಳೆಯ ಚಿತ್ರವೇ ಕಾಣುತ್ತದೆ. ಒಂದೆಡೆ ಈರುಳ್ಳಿ, ಆಲೂಗಡ್ಡೆಯ ಬುಟ್ಟಿ. ಅದಕ್ಕೆ ಅಂಟಿಕೊಂಡಂತೆ ಫಿನಾಯಿಲ್, ಆಸಿಡ್, ಬ್ಲೀಚಿಂಗ್ ಪೌಡರ್, ಜಿರಳೆ ಸ್ಪ್ರೇ, ಇಲಿ ಪಾಷಾಣ. ಇವುಗಳಲ್ಲಿ ಒಂದೊಂದರ ಅಪಾಯವೂ ಬೇರೆ. ಬ್ಲೀಚಿಂಗ್ ಪೌಡರಿನ ಮೇಲೆ ಶೌಚಾಲಯ ತೊಳೆಯುವ ಆಸಿಡ್ ಸೋರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಬಾಗಿಲು ಮುಚ್ಚಿದ ಪುಟ್ಟ ಜಾಗದಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಟ್ಯೂಬಿನಲ್ಲಿ ಬರುವ ಇಲಿ ಪಾಷಾಣದಲ್ಲಿ ಹಳದಿ ರಂಜಕ ಇರುತ್ತದೆ. ಅದು ಯಕೃತ್ತನ್ನು ಹಾಳುಮಾಡುತ್ತದೆ, ಅದಕ್ಕೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ಟೂತ್‌ಪೇಸ್ಟಿನಂತೆ ಕಾಣುವ ಆ ಟ್ಯೂಬು ಮಗುವಿನ ಕೈಗೆ ಸಿಕ್ಕರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಕಾಳುಕಡಿ ಕಾಪಾಡುವ ನಮ್ಮ ರೂಢಿಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಅಕ್ಕಿಗೆ ಹುಳು ಬೀಳಬಾರದೆಂದು ಬೋರಿಕ್ ಪೌಡರ್ ಬೆರೆಸಿಡುವವರಿದ್ದಾರೆ. ಅದು ಜಿರಳೆ ಕೊಲ್ಲಲು ಬಳಸುವ ಪುಡಿ, ನೋಡಲು ಮೈದಾ ಅಥವಾ ಸೋಡಾದ ಹಾಗೆಯೇ ಇರುತ್ತದೆ. ಅದಕ್ಕಿಂತ ಘೋರವಾದದ್ದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಗಾಳಿಯ ತೇವ ತಗಲಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ಮಾರಕ ಅನಿಲ ಹೊರಡುತ್ತದೆ. ಸರ್ಕಾರ ಒಪ್ಪಿದ ತಜ್ಞರ ಮತ್ತು ಕೀಟನಿಯಂತ್ರಕರ ಉಸ್ತುವಾರಿಯಲ್ಲಿ ಮಾತ್ರ ಅದನ್ನು ಬಳಸಬೇಕೆಂದು ನಿಯಮವಿದ್ದರೂ, ಮನೆಮಂದಿ ಮಲಗುವ ಕೋಣೆಯ ಮೂಲೆಯ ಚೀಲಗಳೊಳಗೆ ಅದು ಸೇರಿಕೊಳ್ಳುವುದುಂಟು. ಇದಕ್ಕೆ ಬದಲಿ ದಾರಿಗಳು ನಮ್ಮ ರೈತ ಮನೆಗಳಲ್ಲೇ ಇವೆ. ಕಾಳನ್ನು ಚೆನ್ನಾಗಿ ಬಿಸಿಲಿಗೆ ಹಾಕುವುದು, ಒಣಗಿಸಿದ ಬೇವಿನ ಸೊಪ್ಪು ಹಾಕಿಡುವುದು, ತೊಗರಿಬೇಳೆಗೆ ಹರಳೆಣ್ಣೆ ಸವರುವುದು, ಎಲ್ಲಕ್ಕಿಂತ ಮುಖ್ಯವಾಗಿ ತಿಂಗಳಿಗೆ ಬೇಕಾದಷ್ಟನ್ನೇ ತಂದು ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿಡುವುದು. ವರ್ಷದ ದವಸ ಒಟ್ಟಿಗೆ ಕೊಳ್ಳುವ ಅಗತ್ಯವಿಲ್ಲದ ನಗರದ ಮನೆಗಳಿಗೆ ಕಾಳು ಕಾಯಲು ವಿಷದ ನೆರವೇ ಬೇಕಿಲ್ಲ.

ಪಕ್ಕದಲ್ಲಿಡುವುದಕ್ಕಿಂತ ದೊಡ್ಡ ತಪ್ಪೆಂದರೆ ಬಾಟಲಿ ಬದಲಿಸುವುದು. ಬೀದಿಯಲ್ಲಿ ಮಾರುವ ಆಸಿಡ್, ಫಿನಾಯಿಲ್ಲನ್ನು ನೀರಿನ ಅಥವಾ ತಂಪುಪಾನೀಯದ ಖಾಲಿ ಬಾಟಲಿಯಲ್ಲಿ ತುಂಬಿಸಿಕೊಳ್ಳುವುದು ಇಂದಿಗೂ ಸಾಮಾನ್ಯ. ಸೀಮೆಎಣ್ಣೆ ಮನೆಮನೆಯಲ್ಲಿದ್ದ ಕಾಲದಲ್ಲಿ ಮಕ್ಕಳು ಅದನ್ನು ನೀರೆಂದು ಕುಡಿದು ಆಸ್ಪತ್ರೆ ಸೇರುತ್ತಿದ್ದುದೂ ಇದೇ ಕಾರಣಕ್ಕೆ. ಬಾಟಲಿಯ ಆಕಾರವೇ ಮಗುವಿಗೆ ‘ಇದು ಕುಡಿಯುವಂಥದ್ದು’ ಎಂದು ಹೇಳುತ್ತದೆ. ಓದಲು ಬಾರದ ಮಗುವಿಗೂ, ಕಣ್ಣು ಮಂಜಾದ ಅಜ್ಜನಿಗೂ, ಕರೆಂಟು ಹೋದ ರಾತ್ರಿ ನೀರಿಗಾಗಿ ತಡಕಾಡುವ ಯಾರಿಗೇ ಆದರೂ ಆಕಾರ ಮತ್ತು ಜಾಗವೇ ಗುರುತು. ಬಾಟಲಿ ಬದಲಾದಾಗ ಇನ್ನೊಂದು ನಷ್ಟವೂ ಆಗುತ್ತದೆ: ಚೀಟಿ ಹೋಗುತ್ತದೆ. ಒಳಗೇನಿತ್ತೆಂದು ತಿಳಿದರೆ ಮಾತ್ರ ವೈದ್ಯರು ಸರಿಯಾದ ಚಿಕಿತ್ಸೆ ಕೊಡಬಲ್ಲರು. ಆರ್ಗನೊಫಾಸ್ಫೇಟ್ ಕೀಟನಾಶಕಕ್ಕೆ ಅಟ್ರೋಪಿನ್ ಎಂಬ ಮದ್ದಿದೆ. ಆಸಿಡ್ ಕುಡಿದವರಿಗೆ ವಾಂತಿ ಮಾಡಿಸಿದರೆ ಗಂಟಲು ಎರಡನೆಯ ಸಲ ಸುಡುತ್ತದೆ. ಸೀಮೆಎಣ್ಣೆ ಕುಡಿದವರು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹೆಸರಿಲ್ಲದ ಬಾಟಲಿ ಹಿಡಿದು ಆಸ್ಪತ್ರೆಗೆ ಓಡುವ ಮನೆಯವರು ಅತ್ಯಮೂಲ್ಯವಾದ ಸಮಯವನ್ನು ಕಳೆದುಕೊಳ್ಳುತ್ತಾರೆ.

ನಮ್ಮ ಕಾನೂನಿಗೆ ಈ ವಿವೇಕ ಬಹಳ ಹಿಂದೆಯೇ ಇತ್ತು. ಕೀಟನಾಶಕದ ಪೊಟ್ಟಣಗಳು ಆಹಾರ ಪದಾರ್ಥಕ್ಕೆ ಅಥವಾ ಜಾನುವಾರುಗಳ ಮೇವಿಗೆ ತಗಲುವಂತೆ ಸಾಗಿಸಬಾರದು, ದಾಸ್ತಾನು ಮಾಡಬಾರದು ಎಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಬಳಸಿ ಮುಗಿದ ಡಬ್ಬಿಗಳನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕೆಂದೂ ಅವುಗಳಲ್ಲಿದೆ; ಮತ್ತೆ ಯಾರೂ ಅವನ್ನು ಬಳಸಬಾರದೆಂಬುದೇ ಅದರ ಉದ್ದೇಶ. ಲಾರಿಗೂ ಗೋದಾಮಿಗೂ ಅನ್ವಯವಾಗುವ ಈ ಎಚ್ಚರ ಮಕ್ಕಳು ಓಡಾಡುವ ಅಡುಗೆಮನೆಗೆ ಇನ್ನೂ ಹೆಚ್ಚಾಗಿ ಅನ್ವಯವಾಗಬೇಕು. ಅಲ್ಲಿಗೆ ತಪಾಸಣಾಧಿಕಾರಿ ಬರುವುದಿಲ್ಲವಾದ್ದರಿಂದ ಆ ಕೆಲಸ ಮನೆಯವರದೇ.

‘ನಮ್ಮ ಮನೆಯಲ್ಲಿ ಯಾವ ಬಾಟಲಿಯಲ್ಲಿ ಏನಿದೆಯೆಂದು ನಮಗೆ ಗೊತ್ತು, ಹುಷಾರಾಗಿದ್ದರೆ ಆಯಿತು’ ಎಂಬುದು ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ. ಹುಷಾರು ಬೇಕು, ನಿಜ. ಆದರೆ ಗೊತ್ತಿರುವುದು ಆ ಬಾಟಲಿ ಇಟ್ಟವರಿಗೆ ಮಾತ್ರ. ಮನೆಗೆಲಸಕ್ಕೆ ಬರುವವರು, ಹಬ್ಬಕ್ಕೆ ಬಂದ ನೆಂಟರು, ಅವರ ಮಕ್ಕಳು ಇವರಲ್ಲಿ ಯಾರಿಗೂ ಅದು ಗೊತ್ತಿರುವುದಿಲ್ಲ. ಇಟ್ಟವರೇ ಆದರೂ ಜ್ವರ ಬಂದ ದಿನ, ನಿದ್ದೆಗೆಟ್ಟ ದಿನ ಅಷ್ಟೇ ಜಾಗರೂಕರಾಗಿರುತ್ತಾರೆಂದು ಹೇಳಲಾಗದು. ಮನುಷ್ಯರು ಮರೆಯುತ್ತಾರೆಂಬುದನ್ನು ಒಪ್ಪಿಕೊಂಡು ಮಾಡುವ ವ್ಯವಸ್ಥೆಯೇ ಸುರಕ್ಷತೆ. ವಿಷ ಬೇರೆ ಕೋಣೆಯಲ್ಲಿದ್ದರೆ ಮರೆತ ದಿನವೂ ಅದು ಸಾರಿಗೆ ಬೀಳುವುದಿಲ್ಲ.

ಇನ್ನೆರಡು ಆಕ್ಷೇಪಗಳು ಇದಕ್ಕಿಂತ ಗಟ್ಟಿಯಾಗಿವೆ. ಒಂದೇ ಕೋಣೆಯ ಮನೆಯಲ್ಲಿ ಬೇರೆ ಜಾಗ ಎಲ್ಲಿಂದ ಬರಬೇಕು ಎಂದು ಕೇಳುವವರ ಕಷ್ಟ ನಿಜವಾದದ್ದು. ಆದರೆ ಇಲ್ಲಿ ಬೇಕಿರುವುದು ಎತ್ತರ ಮತ್ತು ಮುಚ್ಚಳ. ಬಚ್ಚಲಿನ ಗೋಡೆಗೆ ಆಳೆತ್ತರದಲ್ಲಿ ಒಂದು ಸಣ್ಣ ಹಲಗೆ ಹೊಡೆದು, ಅದರ ಮೇಲೆ ಚಿಲಕವಿರುವ ಒಂದು ಹಳೆಯ ಟ್ರಂಕು ಇಟ್ಟರೂ ನಡೆಯುತ್ತದೆ. ಖಾಲಿ ಬಾಟಲಿ, ಡಬ್ಬಿಗಳನ್ನು ಎಸೆಯದೆ ಮತ್ತೆ ಬಳಸುವುದು ನಮ್ಮ ಮಿತವ್ಯಯದ ಸಂಸ್ಕೃತಿಯಲ್ಲವೇ ಎಂಬುದು ಎರಡನೆಯದು. ಹೌದು, ಕಸದ ರಾಶಿಯಲ್ಲಿ ಮುಳುಗಿರುವ ನಗರಗಳ ಕಾಲದಲ್ಲಿ ಆ ಗುಣ ಉಳಿಯಲೇಬೇಕು. ಬಿಸ್ಕತ್ತಿನ ಡಬ್ಬಿಗೆ ಚಕ್ಕುಲಿ ಬರಲಿ, ಜಾಮಿನ ಶೀಶೆಗೆ ಚಟ್ನಿಪುಡಿ ಬರಲಿ. ತಿನ್ನುವ ವಸ್ತುವಿನ ಡಬ್ಬಿಗೆ ತಿನ್ನುವ ವಸ್ತುವೇ ಹೋಗಬೇಕು. ವಿಷದ ಡಬ್ಬಿಗೆ ಏನೂ ಹೋಗಬಾರದು. ಈ ಒಂದು ಗಡಿ ಪಾಲಿಸಿದರೆ ಮಿತವ್ಯಯಕ್ಕೂ ಕೊರತೆಯಿಲ್ಲ, ಜೀವಕ್ಕೂ ಅಪಾಯವಿಲ್ಲ.

ಎಲ್ಲ ಹೊಣೆಯನ್ನೂ ಮನೆಯ ಹೆಂಗಸರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಮೆರಿಕ 1970ರಲ್ಲಿ ಕಾನೂನು ತಂದು, ಮಕ್ಕಳು ಸುಲಭವಾಗಿ ತೆರೆಯಲಾಗದ ಮುಚ್ಚಳವನ್ನು ಔಷಧಿ ಮತ್ತು ಅಪಾಯಕಾರಿ ಗೃಹಬಳಕೆಯ ವಸ್ತುಗಳಿಗೆ ಕಡ್ಡಾಯ ಮಾಡಿದ ಮೇಲೆ ಅಲ್ಲಿ ಎಳೆಯ ಮಕ್ಕಳ ವಿಷಪ್ರಾಶನದ ಸಾವುಗಳು ಗಣನೀಯವಾಗಿ ಇಳಿದವು. ದಕ್ಷಿಣ ಆಫ್ರಿಕಾದಲ್ಲಿ ಸೀಮೆಎಣ್ಣೆಗೆ ಅಂಥ ಮುಚ್ಚಳದ ಡಬ್ಬಿಗಳನ್ನು ಮನೆಮನೆಗೆ ಹಂಚಿದ ಪ್ರದೇಶದಲ್ಲಿ ಮಕ್ಕಳು ಸೀಮೆಎಣ್ಣೆ ಕುಡಿದ ಪ್ರಕರಣಗಳು ಸುಮಾರು ಅರ್ಧಕ್ಕೆ ಇಳಿದವು. ನಮ್ಮಲ್ಲೂ ಆಸಿಡ್, ಫಿನಾಯಿಲ್, ಇಲಿ ಪಾಷಾಣ ತಯಾರಿಸುವವರಿಗೆ ಅಂಥ ಮುಚ್ಚಳ ಕಡ್ಡಾಯವಾಗಬೇಕು, ಎಚ್ಚರಿಕೆ ಕನ್ನಡದಲ್ಲೂ ಎದ್ದು ಕಾಣುವಂತಿರಬೇಕು. ಆಸಿಡ್ ಮಾರಾಟಕ್ಕೆ ಸುಪ್ರೀಂ ಕೋರ್ಟ್ 2013ರಲ್ಲೇ ಕಟ್ಟುಪಾಡು ಹಾಕಿದೆ. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ತುಂಬಿ ಕೊಡುವುದನ್ನು ಸ್ಥಳೀಯ ಸಂಸ್ಥೆಗಳು ತಡೆಯಬೇಕು.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಈ ಭಾನುವಾರ ಮನೆಯವರೆಲ್ಲ ಸೇರಿ ಸಿಂಕ್ ಕೆಳಗಿನ ಕಪಾಟು ಖಾಲಿ ಮಾಡಿ. ಹೆಸರಿಲ್ಲದ ಬಾಟಲಿಗಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಉಳಿಯಲೇಬೇಕಾದ ರಾಸಾಯನಿಕಗಳನ್ನು ಅವುಗಳ ಮೂಲ ಡಬ್ಬಿಯಲ್ಲೇ, ಅಡುಗೆಮನೆಯ ಹೊರಗೆ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಡಿ. ಯಾರಾದರೂ ಏನನ್ನಾದರೂ ನುಂಗಿದ್ದಾರೆಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಆ ಡಬ್ಬಿಯನ್ನೂ ಆಸ್ಪತ್ರೆಗೆ ಕೊಂಡೊಯ್ಯಿರಿ. ದೆಹಲಿಯ ಏಮ್ಸ್ ಆಸ್ಪತ್ರೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117 ಅನ್ನು ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿ.