ಬಣ್ಣದ ಪೆಟ್ಟಿಗೆಗೆ ಬೀಗ ಯಾಕೆ?

ಆರನೇ ತರಗತಿಯಲ್ಲಿದ್ದಾಗ ನಾನು ವಾರಕ್ಕೊಂದು ಸುಳ್ಳು ಹೇಳುತ್ತಿದ್ದೆ. ಪ್ರತಿ ಗುರುವಾರ ಕೊನೆಯ ಪಿರಿಯಡ್ ಡ್ರಾಯಿಂಗ್. "ಕಲರ್ ಬಾಕ್ಸ್ ಎಲ್ಲಿ?" ಎಂದು ಸರ್ ಕೇಳುತ್ತಿದ್ದರು. "ಮನೆಯಲ್ಲಿ ಮರೆತು ಬಂದೆ ಸರ್" ಎನ್ನುತ್ತಿದ್ದೆ. ಮರೆತು ಬರಲು ನಮ್ಮ ಮನೆಯಲ್ಲಿ ಕಲರ್ ಬಾಕ್ಸ್ ಇರಲೇ ಇಲ್ಲ. ಉಮ್ಮ ಬೀಡಿ ಕಟ್ಟಿ ತರುತ್ತಿದ್ದ ಹಣದಲ್ಲಿ ನೋಟ್ ಪುಸ್ತಕ, ಯೂನಿಫಾರ್ಮ್, ಬಸ್ ಚಾರ್ಜ್ ಕಳೆದ ಮೇಲೆ ಬಣ್ಣಕ್ಕೆ ಉಳಿಯುತ್ತಿರಲಿಲ್ಲ. ಕೇಳಿದ್ದರೆ ಹೇಗಾದರೂ ಮಾಡಿ ತಂದುಕೊಡುತ್ತಿದ್ದರು. ಅದು ಗೊತ್ತಿದ್ದದ್ದರಿಂದಲೇ ನಾನು ಕೇಳಲಿಲ್ಲ. ನನ್ನ ಬೆಂಚಿನಲ್ಲಿದ್ದ ಇನ್ನಿಬ್ಬರೂ ಪ್ರತಿ ವಾರ "ಮರೆತು" ಬರುತ್ತಿದ್ದರು.

ಈಗ ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. ಇಷ್ಟು ವರ್ಷಗಳ ನಂತರ ಈ ಸುಳ್ಳನ್ನು ಒಪ್ಪಿಕೊಳ್ಳಲು ಕಾರಣವಿದೆ. ಕಳೆದ ತಿಂಗಳು ತಂಗಿಯ ವರ್ಗಾವಣೆ ಪತ್ರಕ್ಕಾಗಿ ಮಂಗಳೂರು ನಗರದ ನನ್ನ ಹಳೆಯ ಶಾಲೆಗೆ ಹೋಗಿದ್ದೆ. ಕಚೇರಿಯ ಮೂಲೆಯ ಕಬ್ಬಿಣದ ಕಪಾಟಿನಿಂದ ಕ್ಲರ್ಕ್ ಒಂದು ಫೈಲ್ ತೆಗೆಯುತ್ತಿದ್ದರು. ಒಳಗೆ ನೋಡಿದರೆ ಕಲರ್ ಬಾಕ್ಸ್‌ಗಳು! ಹತ್ತಿಪ್ಪತ್ತಲ್ಲ, ಮೂರು ಸಾಲು. ಯಾರೋ ದಾನ ಕೊಟ್ಟದ್ದು. ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. "ಮಕ್ಕಳಿಗೆ ಕೊಟ್ಟರೆ ಒಂದೇ ವಾರದಲ್ಲಿ ಮುಗಿಸಿಬಿಡುತ್ತಾರೆ, ಅದಕ್ಕೆ ಇಟ್ಟಿದ್ದೇವೆ" ಎಂದರು. ಆ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಬಣ್ಣ ಇರುವುದು ಮುಗಿಯುವುದಕ್ಕೇ ಅಲ್ಲವೇ?

ನಾನು ಹೇಳಹೊರಟಿರುವುದು ಇಷ್ಟೇ. ದಾನವಾಗಿ ಬರುವ ಸಾಮಗ್ರಿ ಒಂದು ಶಾಲೆಯ ಕಲಾ ತರಗತಿಯನ್ನು ನಿಜವಾಗಿಯೂ ಬದಲಾಯಿಸಬಲ್ಲದು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಕೊಡುವವರು ಕೇಳಿ ಕೊಡಬೇಕು, ತೆಗೆದುಕೊಂಡವರು ಬೀಗ ತೆಗೆಯಬೇಕು. ಇವೆರಡೂ ಇಲ್ಲದಿದ್ದರೆ ದಾನ ಎನ್ನುವುದು ಕಪಾಟಿನಿಂದ ಕಪಾಟಿಗೆ ಹೋಗುವ ಸರಕು ಅಷ್ಟೆ.

ಬದಲಾದದ್ದು ಹೇಗೆಂದು ಮೊದಲು ಹೇಳುತ್ತೇನೆ. ನಾನು ಏಳನೇ ತರಗತಿಗೆ ಬಂದ ವರ್ಷ ಬಂದರು ಪ್ರದೇಶದ ಒಂದು ಸ್ಟೇಷನರಿ ಅಂಗಡಿ ಮುಚ್ಚಿತು. ಮಾಲೀಕರು ಉಳಿದ ಸಾಮಾನನ್ನು ನಮ್ಮ ಶಾಲೆಗೆ ಕೊಟ್ಟರು. ಅಂಚು ಹಳದಿಯಾದ ದೊಡ್ಡ ಡ್ರಾಯಿಂಗ್ ಹಾಳೆಗಳು, ಪೋಸ್ಟರ್ ಕಲರ್ ಬಾಟಲಿಗಳು, ನಾನಾ ಗಾತ್ರದ ಬ್ರಶ್‌ಗಳು. ಅರ್ಧಕ್ಕರ್ಧ ಬಾಟಲಿಗಳಲ್ಲಿ ಬಣ್ಣ ಒಣಗಿ ಕಲ್ಲಾಗಿತ್ತು. ಎಸೆಯೋಣವೆಂದು ಎಲ್ಲರೂ ಹೇಳಿದಾಗ ಡ್ರಾಯಿಂಗ್ ಸರ್ ಒಪ್ಪಲಿಲ್ಲ. ಒಂದೊಂದಕ್ಕೂ ಸ್ವಲ್ಪ ನೀರು ಹಾಕಿ ಮುಚ್ಚಿಟ್ಟರು. ಮರುದಿನ ಕಡ್ಡಿಯಿಂದ ಕಲಕಿದರೆ ಬಣ್ಣ ಜೀವ ಪಡೆದಿತ್ತು. ಪೋಸ್ಟರ್ ಬಣ್ಣ ನೀರಿನಲ್ಲಿ ಕರಗುವ ಅಂಟಿನಿಂದ ಮಾಡಿದ್ದು, ಹಾಗಾಗಿ ಒಣಗಿದರೂ ಮತ್ತೆ ಕರಗುತ್ತದೆ. ಅಕ್ರಿಲಿಕ್ ಬಣ್ಣ ಒಮ್ಮೆ ಒಣಗಿದರೆ ಪ್ಲಾಸ್ಟಿಕ್‌ನಂತಾಗುತ್ತದೆ, ನೀರು ಹಾಕಿದರೂ ಪ್ರಯೋಜನವಿಲ್ಲ. ನಾನು ಕಲಿತ ಮೊದಲ ರಸಾಯನಶಾಸ್ತ್ರದ ಪಾಠ ಅದು. ಅದನ್ನು ಕಲಿತದ್ದು ಲ್ಯಾಬಿನಲ್ಲಲ್ಲ, ಡ್ರಾಯಿಂಗ್ ಪಿರಿಯಡ್‌ನಲ್ಲಿ.

ಸರ್ ಆ ಬಾಟಲಿಗಳನ್ನು ಮಕ್ಕಳಿಗೆ ಹಂಚಲಿಲ್ಲ. ಹಂಚಿದ್ದರೆ ಒಬ್ಬಳಿಗೆ ಕೆಂಪು, ಇನ್ನೊಬ್ಬನಿಗೆ ನೀಲಿ ಸಿಕ್ಕಿ ಯಾರಿಗೂ ಚಿತ್ರ ಆಗುತ್ತಿರಲಿಲ್ಲ. ತರಗತಿಯ ನಡುವೆ ಎರಡು ಡೆಸ್ಕ್ ಜೋಡಿಸಿ ಎಲ್ಲವನ್ನೂ ಅಲ್ಲಿಟ್ಟರು. "ಇದು ಎಲ್ಲರದ್ದು, ಬೇಕಾದವರು ಬೇಕಾದಷ್ಟು ತೆಗೆದುಕೊಳ್ಳಿ, ಬ್ರಶ್ ತೊಳೆದಿಡಿ" ಎಂದರು. ಆ ದಿನದಿಂದ "ಕಲರ್ ಬಾಕ್ಸ್ ಎಲ್ಲಿ?" ಎಂಬ ಪ್ರಶ್ನೆಯೇ ನಿಂತುಹೋಯಿತು. ನನ್ನ ಸುಳ್ಳೂ ನಿಂತಿತು. ತರಗತಿಯಲ್ಲಿ ಬಣ್ಣ ಇರುವವರು, ಇಲ್ಲದವರು ಎಂಬ ಎರಡು ಗುಂಪು ಇಲ್ಲದಾಯಿತು. ಬಣ್ಣಕ್ಕಿಂತ ದೊಡ್ಡ ಕೊಡುಗೆ ಅದೇ ಎಂದು ಈಗ ಅನಿಸುತ್ತದೆ.

ಮೊದಲ ಎರಡು ವಾರ ನಾವು ಬಣ್ಣ ಹಾಳು ಮಾಡಿದ್ದು ನಿಜ. ಎಲ್ಲ ಬಣ್ಣ ಕಲಸಿ ಕೆಸರು ಮಾಡಿದೆವು. ಮೂರನೇ ವಾರಕ್ಕೆ ಹಳದಿಗೆ ನೀಲಿ ಎಷ್ಟು ಸೇರಿಸಿದರೆ ಬಾಳೆ ಎಲೆಯ ಹಸಿರು, ಎಷ್ಟು ಸೇರಿಸಿದರೆ ಹಲಸಿನ ಎಲೆಯ ಹಸಿರು ಎಂಬುದು ಕೈಗೆ ಗೊತ್ತಾಯಿತು. ದೊಡ್ಡ ಹಾಳೆ ಸಿಕ್ಕಿದ ಮೇಲೆ ನಮ್ಮ ಚಿತ್ರಗಳೂ ಬದಲಾದವು. ಅಲ್ಲಿಯವರೆಗೆ ಎಲ್ಲರದ್ದೂ ಒಂದೇ ಚಿತ್ರ: ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ, ಒಂದು ತೆಂಗಿನ ಮರ. ಸಣ್ಣ ಪುಸ್ತಕದ ಪುಟದಲ್ಲಿ ಅಷ್ಟೇ ಹಿಡಿಸುತ್ತಿತ್ತು. ದೊಡ್ಡ ಹಾಳೆಯಲ್ಲಿ ನಾನು ಮೊದಲ ಬಾರಿಗೆ ದಕ್ಕೆಯನ್ನು ಬರೆದೆ. ಸಾಲುಗಟ್ಟಿ ನಿಂತ ಬೋಟುಗಳು, ಬಲೆ ರಾಶಿ, ಬುಟ್ಟಿ ಹೊತ್ತ ಹೆಂಗಸರು. ಬೋಟಿನ ಬಣ್ಣ ಮಾಸಿದ ನೀಲಿ ಎಂದು ಚಿತ್ರ ಬರೆಯಲು ಕೂತ ಮೇಲೆಯೇ ನಾನು ಗಮನಿಸಿದ್ದು. ಅದಕ್ಕೂ ಮೊದಲು ದಿನಾ ಅದೇ ದಾರಿಯಲ್ಲಿ ನಡೆದಿದ್ದೆ, ನೋಡಿರಲಿಲ್ಲ.

ಇನ್ನು ಇದರ ಮತ್ತೊಂದು ಮುಖ. ಮರುವರ್ಷ ಒಂದು ಸಂಸ್ಥೆಯವರು ಶಾಲೆಗೆ ಬಂದರು. ಬ್ಯಾನರ್ ಕಟ್ಟಿದರು, ಭಾಷಣ ಮಾಡಿದರು. ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಹೊಸ ಕಲರ್ ಬಾಕ್ಸ್ ಕೊಟ್ಟು ಫೋಟೋ ತೆಗೆದರು. ನಾನು ಮುಂದಿನ ಸಾಲಿನಲ್ಲಿದ್ದೆ. ನಗಲು ಹೇಳಿದರು, ನಕ್ಕೆ. ಅತಿಥಿಗಳು ಹೋದ ಮೇಲೆ ಬಾಕ್ಸ್‌ಗಳನ್ನು ವಾಪಸ್ ಪಡೆದು ಕಪಾಟಿಗೆ ಹಾಕಲಾಯಿತು. ನಮಗೆ ಮತ್ತೆ ಅವು ಸಿಗಲಿಲ್ಲ. ನನ್ನ ಜೀವನದ ಮೊದಲ ಹೊಸ ಕಲರ್ ಬಾಕ್ಸ್ ಸುಮಾರು ಅರ್ಧ ಗಂಟೆ ನನ್ನ ಕೈಯಲ್ಲಿತ್ತು. ಕಳೆದ ತಿಂಗಳು ನಾನು ಕಪಾಟಿನಲ್ಲಿ ಕಂಡದ್ದು ಅವೇ ಬಾಕ್ಸ್‌ಗಳೋ ಬೇರೆಯೋ ಗೊತ್ತಿಲ್ಲ. ಹಳೆಯ ಅಂಗಡಿಯ ಒಣಗಿದ ಬಣ್ಣ ನಮಗೆ ಒಂದು ವರ್ಷ ಪಾಠ ಕಲಿಸಿತು; ಹೊಸ ಬಾಕ್ಸ್ ಒಂದು ಫೋಟೋ ಆಯಿತು. ವ್ಯತ್ಯಾಸ ಇದ್ದದ್ದು ಬಣ್ಣದ ಬೆಲೆಯಲ್ಲಲ್ಲ, ಅದನ್ನು ಬಿಚ್ಚಿ ಮೇಜಿನ ಮೇಲಿಡುವ ಒಬ್ಬ ಶಿಕ್ಷಕ ಇದ್ದರೋ ಇಲ್ಲವೋ ಎಂಬುದರಲ್ಲಿ. ಆ ವರ್ಷ ನಮ್ಮ ಸರ್ ಬೇರೆ ಶಾಲೆಗೆ ಹೋಗಿದ್ದರು.

ಈ ವಿಷಯ ಹೇಳಿದಾಗ ನನ್ನ ಗೆಳತಿಯೊಬ್ಬಳು, "ಶಾಲೆಗಳಲ್ಲಿ ಶೌಚಾಲಯಕ್ಕೇ ಗತಿಯಿಲ್ಲ, ನಿನಗೆ ಬ್ರಶ್ಶಿನ ಚಿಂತೆ" ಎಂದಳು. ಅವಳ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಆದರೆ ಬ್ರಶ್ ಕೊಟ್ಟದ್ದರಿಂದ ಶೌಚಾಲಯ ನಿಂತುಹೋದ ಶಾಲೆ ಎಲ್ಲಿಯೂ ಇರಲಾರದು. ಶೌಚಾಲಯ ಕಟ್ಟಿಸುವುದು ನನ್ನಿಂದ ಆಗದು, ಬ್ರಶ್ ಒಟ್ಟುಮಾಡುವುದು ಆಗುತ್ತದೆ. ಇನ್ನೊಬ್ಬ ಸಹಪಾಠಿ, ಇದೆಲ್ಲ ಸರ್ಕಾರದ ಕೆಲಸ ಎಂದ. ಅದೂ ಸರಿ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಒಂದು ವಿಷಯವಾಗಿ ಇರಬೇಕು ಎಂದಿತ್ತು. ಕಲೆ ಮತ್ತು ವಿಜ್ಞಾನದ ನಡುವೆ ಗೋಡೆ ಬೇಡ ಎಂದು 2020ರ ಶಿಕ್ಷಣ ನೀತಿಯೂ ಹೇಳುತ್ತದೆ. ಕಾಗದದ ಮೇಲೆ ಕಲೆಗೆ ಜಾಗವಿದೆ. ಡ್ರಾಯಿಂಗ್ ಶಿಕ್ಷಕರನ್ನು ನೇಮಿಸಿ ಎಂದು ನಾವು ಕೇಳುತ್ತಲೇ ಇರಬೇಕು, ದಾನ ಅದಕ್ಕೆ ಬದಲಿಯಲ್ಲ. ಆದರೆ ನೇಮಕ ಆಗುವವರೆಗೆ ಇಂದಿನ ಆರನೇ ತರಗತಿಯ ಹುಡುಗಿ ಆರನೇ ತರಗತಿಯಲ್ಲೇ ಕಾಯುತ್ತಾ ಕೂರುವುದಿಲ್ಲ. ಅವಳು ದೊಡ್ಡವಳಾಗಿಬಿಡುತ್ತಾಳೆ.

ದಾನವನ್ನು ಸರಿಯಾಗಿ ನಡೆಸಿದ ಒಂದು ಉದಾಹರಣೆ ದೂರದ ನ್ಯೂಯಾರ್ಕ್ ನಗರದಲ್ಲಿದೆ. ಅಲ್ಲಿನ ನಗರಾಡಳಿತದ ಸಂಸ್ಕೃತಿ ಇಲಾಖೆ 1978ರಿಂದ 'ಮಟೀರಿಯಲ್ಸ್ ಫಾರ್ ದ ಆರ್ಟ್ಸ್' ಎಂಬ ಕೇಂದ್ರವನ್ನು ನಡೆಸುತ್ತಿದೆ. ಅಂಗಡಿ, ಕಾರ್ಖಾನೆ, ಕಚೇರಿ, ನಾಟಕ ಮತ್ತು ಸಿನಿಮಾ ತಂಡಗಳಲ್ಲಿ ಉಳಿದ ಬಟ್ಟೆ, ಕಾಗದ, ಗುಂಡಿ, ಬಣ್ಣ, ಪೀಠೋಪಕರಣ ಎಲ್ಲವೂ ಕ್ವೀನ್ಸ್ ಭಾಗದ ಅದರ ದೊಡ್ಡ ಗೋದಾಮಿಗೆ ಬರುತ್ತವೆ. ಸರ್ಕಾರಿ ಶಾಲೆಗಳ ಶಿಕ್ಷಕರು ಅಲ್ಲಿಗೆ ಹೋಗಿ ತಮಗೆ ಬೇಕಾದದ್ದನ್ನು ಉಚಿತವಾಗಿ ಆರಿಸಿಕೊಳ್ಳುತ್ತಾರೆ. ಉಳಿದ ವಸ್ತುಗಳಿಂದ ಪಾಠ ಮಾಡುವುದು ಹೇಗೆಂದು ಶಿಕ್ಷಕರಿಗೆ ತರಬೇತಿಯೂ ಇದೆ. ನನಗೆ ಇಷ್ಟವಾದದ್ದು 'ಆರಿಸಿಕೊಳ್ಳುತ್ತಾರೆ' ಎಂಬ ಪದ. ಕೊಡುವವರು ಕೊಟ್ಟದ್ದನ್ನು ತಲೆಬಾಗಿ ಪಡೆಯುವುದಲ್ಲ, ನನ್ನ ಮಕ್ಕಳಿಗೆ ಏನು ಬೇಕು ಎಂಬುದನ್ನು ಶಿಕ್ಷಕರೇ ನಿರ್ಧರಿಸುವುದು.

ನಮ್ಮಲ್ಲಿ ಅಂಥ ಗೋದಾಮು ಬೇಕೆಂದು ನಾನು ಕೇಳುತ್ತಿಲ್ಲ. ನಮ್ಮ ನಗರವೇ ಒಂದು ಗೋದಾಮು. ಟೈಲರ್ ಅಂಗಡಿಗಳಲ್ಲಿ ಪ್ರತಿದಿನ ತುಂಡು ಬಟ್ಟೆ ಗುಡಿಸಿ ಎಸೆಯುತ್ತಾರೆ. ಕೊಲಾಜ್‌ಗೆ, ಬೊಂಬೆಗೆ ಅದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಮದುವೆ ಕಾಗದಗಳ ಒಳಪುಟ ಖಾಲಿ ಇರುತ್ತದೆ, ಅದರಷ್ಟು ಗಟ್ಟಿ ಕಾಗದ ಅಂಗಡಿಯಲ್ಲಿ ಕೊಳ್ಳಲು ದುಬಾರಿ. ಹಳೆಯ ಫ್ಲೆಕ್ಸ್‌ನ ಹಿಂಬದಿ ಗೋಡೆಯಷ್ಟು ದೊಡ್ಡ ಚಿತ್ರಕ್ಕೆ ಸಾಕು. ತೆಂಗಿನ ಚಿಪ್ಪು ಸುಟ್ಟರೆ ಇದ್ದಿಲು ಸಿಗುತ್ತದೆ. ಅರಸಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುವುದನ್ನು ನಮ್ಮ ಅಜ್ಜಿಯರೂ ಬಲ್ಲರು, ನಮ್ಮ ಲ್ಯಾಬ್ ಸರ್ ಕೂಡ ಬಲ್ಲರು. ಹೆಂಚಿಗೆ ಹೆಸರಾದ ಊರು ನಮ್ಮದು. 1865ರಲ್ಲಿ ಬಾಸೆಲ್ ಮಿಶನ್‌ನವರು ಇಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದೇ ನದಿ ದಂಡೆಯ ಜೇಡಿಮಣ್ಣನ್ನು ನಂಬಿ. ಅಂಥ ಊರಿನ ಎಷ್ಟು ಮಕ್ಕಳು ಶಾಲೆಯಲ್ಲಿ ಒಮ್ಮೆಯಾದರೂ ಮಣ್ಣು ಕಲಸಿ ಒಂದು ಬಟ್ಟಲು ಮಾಡಿದ್ದಾರೆ? ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರ್ ಕೆಲವೇ ರೇಖೆಗಳಲ್ಲಿ ಕುಣಿಯುವ ದೇಹವನ್ನು ಹಿಡಿದವರು. ರೇಖೆಗೆ ಹೆಚ್ಚು ಹಣ ಬೇಕಿಲ್ಲ. ಆದರೆ ಒಂದು ಪೆನ್ಸಿಲ್, ಒಂದು ಹಾಳೆ, ತಪ್ಪು ಮಾಡಲು ಇನ್ನೊಂದು ಹಾಳೆ ಬೇಕು. ಆ ಇನ್ನೊಂದು ಹಾಳೆಯೇ ಬಡ ಮಕ್ಕಳಿಗೆ ಸಿಗದಿರುವುದು. ಇರುವುದು ಒಂದೇ ಹಾಳೆ ಎಂದಾದರೆ ಯಾವ ಮಗುವೂ ಹೊಸದನ್ನು ಪ್ರಯತ್ನಿಸುವುದಿಲ್ಲ, ಮತ್ತೆ ಎರಡು ಗುಡ್ಡ, ನಡುವೆ ಸೂರ್ಯ.

ಹಾಗೆಂದು ಮನೆಯ ಕಸವನ್ನೆಲ್ಲ ಶಾಲೆಗೆ ಸಾಗಿಸುವುದು ದಾನವಲ್ಲ. ಬರೆಯದ ಸ್ಕೆಚ್ ಪೆನ್, ಕೂದಲುದುರಿದ ಬ್ರಶ್, ಹರಿದ ಡೈರಿ ಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ನಮ್ಮ ತಂಗಿಗೆ ಕೊಡಲು ನಾಚಿಕೆಯಾಗುವಂಥದ್ದನ್ನು ಇನ್ನೊಬ್ಬರ ತಂಗಿಗೆ ಕೊಡಬಾರದು.

ನಮ್ಮ ಕಾಲೇಜಿನಿಂದ ಏನು ಮಾಡಬಹುದು? ನನ್ನ ಸಲಹೆ ಸಣ್ಣದು. ಪ್ರಾಯೋಗಿಕ ಪರೀಕ್ಷೆ ಮುಗಿದ ಮೇಲೆ ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ಎಷ್ಟೋ ಬಿಳಿ ಹಾಳೆಗಳು ಖಾಲಿ ಉಳಿಯುತ್ತವೆ. ಕಚೇರಿಯಲ್ಲಿ ಒಂದೇ ಬದಿ ಮುದ್ರಿಸಿದ ಕಾಗದ ರಾಶಿ ಬೀಳುತ್ತದೆ. ಕಾಮರ್ಸ್ ವಿಭಾಗದ ಹಲವರ ಮನೆಯಲ್ಲಿ ಬಟ್ಟೆ ಅಂಗಡಿ, ಸ್ಟೇಷನರಿ ಅಂಗಡಿ ಇದೆ. ಲೈಬ್ರರಿಯ ಪಕ್ಕ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಡೋಣ. ಅದಕ್ಕೂ ಮೊದಲು ನಮ್ಮಲ್ಲಿ ಇಬ್ಬರು ಹತ್ತಿರದ ಶಾಲೆಗೆ ಹೋಗಿ ಶಿಕ್ಷಕರನ್ನು ಕೇಳಿ ಪಟ್ಟಿ ತರಲಿ. ಪಟ್ಟಿಯಲ್ಲಿ ಇಲ್ಲದ್ದನ್ನು ಪೆಟ್ಟಿಗೆಗೆ ಹಾಕುವುದು ಬೇಡ. ತಿಂಗಳಿಗೊಂದು ಶನಿವಾರ ಕೊಂಡೊಯ್ಯೋಣ, ಕೊಟ್ಟು ಓಡಿಬರದೆ ಒಂದು ಗಂಟೆ ಮಕ್ಕಳ ಜೊತೆ ಕೂತು ನಾವೂ ಕೈ ಬಣ್ಣ ಮಾಡಿಕೊಳ್ಳೋಣ. ಬ್ಯಾನರ್ ಬೇಡ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ಬೇಡ. ಫೋಟೋ ಬೇಕೇಬೇಕೆಂದರೆ ಚಿತ್ರಗಳದ್ದು ತೆಗೆಯೋಣ. ವರ್ಷದ ಕೊನೆಗೆ ಆ ಚಿತ್ರಗಳನ್ನು ನಮ್ಮ ಕಾರಿಡಾರ್‌ನಲ್ಲಿ ತೂಗುಹಾಕಿ, ಬರೆದ ಮಕ್ಕಳನ್ನು ಅತಿಥಿಗಳಾಗಿ ಕರೆಯೋಣ. ಪ್ರಾಂಶುಪಾಲರು ಮತ್ತು ಉಪನ್ಯಾಸಕರು ಇದಕ್ಕೆ ಅನುಮತಿ ನೀಡಬೇಕೆಂದು ಈ ಪುಟದ ಮೂಲಕವೇ ಕೇಳಿಕೊಳ್ಳುತ್ತೇನೆ.

ನಾನು ಚಿತ್ರಕಲಾವಿದೆ ಆಗಲಿಲ್ಲ, ಆಗುವುದೂ ಇಲ್ಲ. ಜೀವಶಾಸ್ತ್ರದ ಚಿತ್ರಗಳಿಗೆ ಒಳ್ಳೆಯ ಅಂಕ ಬರುತ್ತದೆ, ಅಷ್ಟೇ. ಆದರೆ ಏಳನೇ ತರಗತಿಯ ಆ ದಕ್ಕೆಯ ಚಿತ್ರ ಇಂದಿಗೂ ನಮ್ಮ ಮನೆಯ ಗೋಡೆಯಲ್ಲಿದೆ. ಮನೆಗೆ ಬಂದವರಿಗೆಲ್ಲ ಉಮ್ಮ ಅದನ್ನು ತೋರಿಸುತ್ತಾರೆ. ಕಳೆದ ತಿಂಗಳು ಶಾಲೆಯಿಂದ ಬಂದ ಸಂಜೆ ಅವರಿಗೆ ನನ್ನ ಹಳೆಯ ಸುಳ್ಳಿನ ವಿಷಯ ಹೇಳಿದೆ. ಅವರು ಬೀಡಿ ಎಲೆ ಕತ್ತರಿಸುವುದನ್ನು ನಿಲ್ಲಿಸಿ, "ನನಗೆ ಗೊತ್ತಿತ್ತು" ಎಂದರು. ಸ್ವಲ್ಪ ಹೊತ್ತಿನ ನಂತರ ಕೇಳಿದರು: "ಆ ಕಪಾಟಿನ ಬೀಗ ತೆಗೆಸಿ ಬಂದೆಯಾ, ಇಲ್ಲ ಸುಮ್ಮನೆ ಬಂದೆಯಾ?"

ಸುಮ್ಮನೆ ಬಂದಿದ್ದೆ. ಮುಂದಿನ ಶನಿವಾರ ಮತ್ತೆ ಹೋಗುತ್ತೇನೆ. ನನ್ನ ಜೊತೆ ಯಾರು ಬರುತ್ತೀರಿ?