ಸೀಳು ಕಾಣದ ಧಕಾರ

ನಮ್ಮೂರ ಕನ್ನಡ ಶಾಲೆಯ ಶಿಕ್ಷಕಿಯೊಬ್ಬರು ಕಂಪ್ಯೂಟರ್ ಪರದೆಯ ಮೇಲೆ ಪಾಠ ಬರೆದು, ವಿವರಿಸುತ್ತ ಅದನ್ನು ದಾಖಲಿಸಿ, ಡಿವಿಡಿಗೆ ಇಳಿಸಿ ಮನೆಮನೆಗೂ ಹಂಚಿದ್ದರು. ನೆರೆಮನೆಯ ಎರಡನೆಯ ತರಗತಿಯ ಬಾಲಕಿ ಟಿವಿಯಲ್ಲಿ ಅದನ್ನು ನೋಡುತ್ತಿದ್ದಳು. ‘ನೀವೇ ಓದಿ’ ಎಂದು ಶಿಕ್ಷಕಿ ಮೌನವಾದ ಕಡೆ, ‘ರೈತನಿಗೆ ಧನ ದೊರೆಯಿತು’ ಎಂಬುದನ್ನು ಅವಳು ‘ದನ ದೊರೆಯಿತು’ ಎಂದು ಓದಿದಳು. ತಾಯಿ ಗದರಿದರು. ಹತ್ತಿರ ಹೋಗಿ ನೋಡಿದೆ, ತಪ್ಪು ಮಗುವಿನದಾಗಿರಲಿಲ್ಲ. ಧಕಾರದ ಹೊಟ್ಟೆ ಸೀಳುವ ಪುಟ್ಟ ಗೆರೆಯೇ ಅಲ್ಲಿ ಅಳಿಸಿಹೋಗಿತ್ತು.

ಕಾರಣ ಸರಳವಾದುದು. ಇಂದಿನ ಸಾಮಾನ್ಯ ಕಂಪ್ಯೂಟರ್ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಹಿಡಿಸುವುದು 720 ಮತ್ತು 576 ಮಾತ್ರ. ಒಟ್ಟು ಲೆಕ್ಕದಲ್ಲಿ ಐದನೆಯ ಒಂದು ಭಾಗ. ಎರಡು ಬಿಂದು ದಪ್ಪವಿದ್ದ ಸೀಳುಗೆರೆಗೆ ಕುಗ್ಗಿದ ಚಿತ್ರದಲ್ಲಿ ಪೂರ್ತಿ ಒಂದು ಬಿಂದುವೂ ದಕ್ಕುವುದಿಲ್ಲ. ಅದು ಬೂದುಬಣ್ಣದ ಕಲೆಯಾಗಿ ಕರಗುತ್ತದೆ. ಪ–ಫ, ಡ–ಢಗಳ ಗತಿಯೂ ಇದೇ. ಅಕ್ಷರದ ಅಡಿಯಲ್ಲಿ ಕಿರಿದಾಗಿ ಕೂರುವ ಒತ್ತಕ್ಷರಗಳೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಅಂಗಡಿಯ ಫಲಕ, ಬಸ್ಸಿನ ಹಲಗೆಗಳಲ್ಲಿ ಬೇರೆ ಲಿಪಿಯನ್ನೇ ಹೆಚ್ಚಾಗಿ ಕಾಣುವ ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರ ದೊರೆಯುವ ಎಡೆಗಳು ಕೆಲವೇ. ಆ ಕೆಲವೂ ಮಸುಕಾದರೆ ತಿದ್ದಿಕೊಳ್ಳಲು ಅವರಿಗೆ ಬೇರೆ ಆಧಾರವಿಲ್ಲ. ಆದ್ದರಿಂದ ಪಾಠಗಳನ್ನು ದಾಖಲಿಸುವ ಶಿಕ್ಷಕರೂ ಪೋಷಕರೂ ಕೆಲವು ಸಂಗತಿಗಳನ್ನು ಗಮನಿಸುವುದು ಒಳಿತು.

ಮೊದಲನೆಯದಾಗಿ, ಇಡೀ ಪರದೆಯನ್ನು ದಾಖಲಿಸಿ ಆಮೇಲೆ ಕುಗ್ಗಿಸಬಾರದು. ದಾಖಲಿಸುವ ಚೌಕಟ್ಟನ್ನೇ 1024×576ಕ್ಕೆ ಹೊಂದಿಸಿ, ಅದರೊಳಗೆ ಅಕ್ಷರಗಳನ್ನು ದೊಡ್ಡದಾಗಿ ಬರೆಯಬೇಕು. ಅಗಲ ಪರದೆಯ ಡಿವಿಡಿಗೆ ಇದು ಒಪ್ಪುವ ಅಳತೆ. ಎತ್ತರದಲ್ಲಿ ಕುಗ್ಗುವಿಕೆಯೇ ಇರುವುದಿಲ್ಲ, ಅಗಲದಲ್ಲಿಯೂ ಮೊದಲಿಗಿಂತ ಕಡಿಮೆ. ಒಂದು ಪರದೆಗೆ ಏಳೆಂಟು ಸಾಲು ಸಾಕು. ತೆಳ್ಳನೆಯ ಅಕ್ಷರವಿನ್ಯಾಸಕ್ಕಿಂತ ದಪ್ಪನೆಯದು ಲೇಸು. ಹಳೆಯ ಟಿವಿಗಳು ಚಿತ್ರದ ಅಂಚನ್ನು ನುಂಗುವುದರಿಂದ ನಾಲ್ಕೂ ಕಡೆ ಹತ್ತನೆಯ ಒಂದು ಭಾಗವನ್ನು ಖಾಲಿ ಬಿಡಬೇಕು.

ಎರಡನೆಯದು ಬಣ್ಣ. ಡಿವಿಡಿಯು ಬೆಳಕು–ಕತ್ತಲೆಯ ವಿವರವನ್ನು ಪೂರ್ತಿಯಾಗಿ ಉಳಿಸಿಕೊಂಡು, ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸುತ್ತದೆ. ನೀಲಿಯ ಮೇಲೆ ಕೆಂಪು ಅಕ್ಷರ ಕಲಸಿಹೋಗುವುದು ಇದರಿಂದಲೇ. ತಿಳಿಬಣ್ಣದ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಉತ್ತಮ.

ಮೂರನೆಯದು ಸಂಕಲನ. ದಾಖಲೆ, ಸಂಕಲನ ಎರಡರ ಅಳತೆಯೂ ಒಂದೇ ಇರಲಿ. ಸೆಕೆಂಡಿಗೆ 25 ಚೌಕಟ್ಟುಗಳೆಂಬ ಲೆಕ್ಕವೂ ಮೊದಲಿನಿಂದಲೇ ಇರಲಿ. ನಡುವೆ ಮತ್ತೆ ಮತ್ತೆ ಒತ್ತಡಿಸಿ ಉಳಿಸಿದಷ್ಟೂ ಅಕ್ಷರದ ಸುತ್ತ ಕಲೆಗಳು ಹೆಚ್ಚುತ್ತವೆ. ಕೊನೆಯಲ್ಲಿ ಒಮ್ಮೆ ಮಾತ್ರ ಡಿವಿಡಿಯ ರೂಪಕ್ಕೆ ತಿರುಗಿಸಬೇಕು. 4.7 ಜಿಬಿಯ ಡಿಸ್ಕಿನಲ್ಲಿ ಒಂದು ಗಂಟೆಯ ಪಾಠವಿದ್ದರೆ ಸೆಕೆಂಡಿಗೆ 8 ಮೆಗಾಬಿಟ್ ಕೊಡಬಹುದು. ಎರಡು ಗಂಟೆ ತುಂಬಿದರೆ 5 ಮೆಗಾಬಿಟ್ ಕೊಡುವುದೂ ಕಷ್ಟ. ಉದ್ದದ ಪಾಠಕ್ಕೆ ಎರಡು ಡಿಸ್ಕುಗಳನ್ನು ಬಳಸುವುದೇ ಮೇಲು. ಮನೆಯಲ್ಲಿ ಕಂಪ್ಯೂಟರ್ ಇದ್ದವರಿಗೆ ಮೂಲ ಕಡತವನ್ನೇ ಪೆನ್ ಡ್ರೈವಿನಲ್ಲಿ ಕೊಟ್ಟರೆ ಈ ಕುಗ್ಗಿಸುವ ತೊಡಕೇ ಇಲ್ಲ.

ಇಷ್ಟಾದ ಮೇಲೂ ಒಂದು ಪರೀಕ್ಷೆ ಉಳಿಯುತ್ತದೆ. ಪಾಠ ಸಿದ್ಧಪಡಿಸಿದವರ ಕಣ್ಣನ್ನು ನಂಬಲಾಗದು. ಏನು ಬರೆದಿದೆಯೆಂದು ಬಲ್ಲವರಿಗೆ ಇಲ್ಲದ ಸೀಳೂ ಕಾಣುತ್ತದೆ. ಆ ಶಿಕ್ಷಕಿಗೂ ಆದದ್ದು ಇದೇ. ಪ್ರತಿಗಳನ್ನು ಹಂಚುವ ಮೊದಲು ಒಂದು ಡಿಸ್ಕನ್ನು ಮನೆಯ ಹಳೆಯ ಟಿವಿಗೆ ಹಾಕಿ, ಆ ಪಾಠವನ್ನು ಇನ್ನೂ ಓದಿರದ ಮಗುವನ್ನು ಎಂಟಡಿ ದೂರದಲ್ಲಿ ಕೂರಿಸಿ ಗಟ್ಟಿಯಾಗಿ ಓದಿಸಿರಿ. ಮಗು ಎಡವಿದ ಕಡೆ ಅದನ್ನು ಗದರದೆ, ಅಕ್ಷರವನ್ನು ಇನ್ನಷ್ಟು ದೊಡ್ಡದು ಮಾಡಿರಿ.